ಎಡಗಡೆ ಬಾಗಿಲು

"ಬೆಟ್ಟಸ್ವಾಮಿಯವ್ರೆ, ಮಿಕ್ಕಿದ್ದೆಲ್ಲ ಈ ಎಡಗಡೆ ಬಾಗಿಲಿನ ಥರಾನೇ ಬರಲಿ," ಎನ್ನುತ್ತ ಶಾಲಿನಿ ಟೀಚರ್ ಬೀರುವಿನ ಬಾಗಿಲ ಮೇಲೆ ಕೈಯಾಡಿಸಿದರು. "ಎಂಥಾ ಕೈ ರೀ ನಿಮ್ಮದು! ಮುಖ ನೋಡ್ಕೋಬಹುದು."

"ಆಯ್ತು ಮೇಡಂ," ಎಂದ ಬೆಟ್ಟಸ್ವಾಮಿ. ಹೇಳುತ್ತಲೇ ಮುಖ ಆಚೆ ತಿರುಗಿಸಿದ. ಯಾಕೆಂದರೆ ಎಡಗಡೆ ಬಾಗಿಲಿಗೆ ಪಾಲಿಶ್ ಕೊಟ್ಟವನು ಅವನಲ್ಲ, ಅವನ ಹೆಂಡತಿ ಇಂದ್ರಾಣಿ. ಅವನು ಮಾಡಿದ್ದು ಬಲಗಡೆಯದು. ಅದು ಬೂದಿ ಬಳಿದುಕೊಂಡಂತೆ ಮಂಕಾಗಿ ನಿಂತಿತ್ತು.

ಅಕ್ಕಿಮೂಟೆ ಒಟ್ಟುತ್ತಿದ್ದ, ಬೆಳಕಿಗೆ ಒಂದೇ ಕಿಂಡಿಯಿದ್ದ ನೆಲಮಾಳಿಗೆಯನ್ನು ಟೀಚರ್ ಮಕ್ಕಳ ಪಾಠದ ಕೋಣೆ ಮಾಡಿಸುತ್ತಿದ್ದರು. ಗೋಡೆ ಬೀರುಗಳ ಮರಗೆಲಸ ಮುಗಿದಿತ್ತು, ಬಣ್ಣ ಪಾಲಿಶ್ ಉಳಿದಿತ್ತು. ಹತ್ತೊಂಬತ್ತು ವರ್ಷಗಳಿಂದ ಗಂಡಹೆಂಡಿರ ಕೆಲಸದ ಹಂಚಿಕೆ ಒಂದೇ: ಉಪ್ಪುಕಾಗದ ಹಿಡಿದು ಮರ ಉಜ್ಜುವುದು ಅವಳು, ಬಣ್ಣ ಕೊಟ್ಟು ಅರಗಿನ ಪಾಲಿಶ್ ಎಳೆಯುವುದು ಅವನು. ಹೋದ ವಾರ ಅವನು ಚಿಕ್ಕಪ್ಪನ ತಿಥಿಗೆಂದು ಹೆಮ್ಮಿಗೆಗೆ ಹೋಗಿ ಮೂರು ದಿನ ಅಲ್ಲೇ ಕೂತುಬಿಟ್ಟ. ಒಪ್ಪಿಕೊಂಡ ಕೆಲಸ ನಿಲ್ಲಬಾರದೆಂದು, ಟೀಚರ್ ಸ್ಕೂಲಿಗೆ ಹೋದ ಹೊತ್ತಿನಲ್ಲಿ ಇವಳು ಒಂದು ಬಾಗಿಲು ಮುಗಿಸಿಟ್ಟಿದ್ದಳು. ಮುಗಿಸಿದ್ದೇನೋ ಸರಿ, ಇಷ್ಟು ಚೆನ್ನಾಗಿ ಮುಗಿಸಬೇಕಿತ್ತೆ?

"ಇಲ್ಲಿ ತ್ಯಾವ ಜಾಸ್ತಿ ಕಣಮ್ಮಿ," ಎಂದ ಬೆಟ್ಟಸ್ವಾಮಿ, ಟೀಚರ್ ಮೇಲೆ ಹೋದಮೇಲೆ. "ಅದ್ಕೇ ನಂದು ಬೆಳ್ಳಗಾಗ್ಬುಟ್ಟದೆ."

"ಊಂ," ಎಂದಳು ಇಂದ್ರಾಣಿ, ಕಪಾಟಿನ ಹಲಗೆ ಉಜ್ಜುತ್ತಲೇ.

ತೇವ ಎರಡು ಬಾಗಿಲಿಗೂ ಒಂದೇ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎನ್ನುವ ಗಾದೆ ಅವನಿಗೇ ನೆನಪಾಗಿ ಮೈ ಇನ್ನಷ್ಟು ಉರಿಯಿತು. ಎಂಗೆ ಮಾಡಿದೆ ಎಂದು ಒಂದು ಮಾತು ಕೇಳಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಮೇಸ್ತ್ರಿ ಅನ್ನಿಸಿಕೊಂಡವನು ಹೆಂಡತಿಯನ್ನು ಕೇಳುವುದೆ? ಅವಳಾದರೂ ಒಂದು ಸಲ ಜಂಬ ಕೊಚ್ಚಿದ್ದರೆ ನಾಲ್ಕು ಬೈದು ಹಗುರಾಗಬಹುದಿತ್ತು. ಪುಣ್ಯಾತ್ಗಿತ್ತಿ ಅದನ್ನೂ ಮಾಡಲಿಲ್ಲ. ಹೊಟ್ಟೆಕಿಚ್ಚಿಗೆ ಬೇರೆ ಸೌದೆ ಬೇಕೆ? ಕಣ್ಣೆದುರಿಗೆ ಆ ಬಾಗಿಲು ಹೊಳೆಯುತ್ತಲೇ ಇತ್ತು.

ಮಧ್ಯಾಹ್ನ ಇಂದ್ರಾಣಿ ಬುತ್ತಿಯ ಪಾತ್ರೆ ತೊಳೆಯಲು ಮೇಲೆ ಹೋದಳು. ಬೆಟ್ಟಸ್ವಾಮಿ ಸ್ಪಿರಿಟ್ಟಿನಲ್ಲಿ ಬಟ್ಟೆ ಅದ್ದಿದ. ದೂಳು ಒರೆಸುತ್ತೇನೆ ಅಷ್ಟೇ ಎಂದು ತನಗೆ ತಾನೇ ಹೇಳಿಕೊಂಡ. ಅರಗಿನ ಪಾಲಿಶ್ಶಿಗೆ ಸ್ಪಿರಿಟ್ ತಾಗಿದರೆ ಏನಾಗುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಊರಿನಲ್ಲಿ ಇರಲಿಲ್ಲ. ಎಡಗಡೆ ಬಾಗಿಲ ನಡುಮಧ್ಯೆ ಒತ್ತಿ ಒಂದು ಎಳೆತ ಎಳೆದ. ಅಂಗೈಯಗಲ ಪಾಲಿಶ್ ಅಂಟಂಟಾಗಿ ಕಿತ್ತು ಬಟ್ಟೆಗೆ ಬಂತು, ಒಳಗಿನ ಮರ ಬೆತ್ತಲಾಯಿತು. ಹೊಟ್ಟೆ ತಣ್ಣಗಾಯಿತು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಟೀಚರ್ ಒಬ್ಬರನ್ನು ಕರೆದುಕೊಂಡು ಬಂದರು, ಹಿಂದೆಯೇ ಇಂದ್ರಾಣಿ. "ಇವರು ಗುರುಪ್ರಸಾದ್, ನರಸೀಪುರದಲ್ಲಿ ಹೊಸ ಮನೆ ಕಟ್ಟಿಸ್ತಿದ್ದಾರೆ. ನೋಡಿ ಸರ್, ನಾನು ಹೇಳಿದ್ದು ಇದೇ ಬಾಗಿಲು. ಬೆಟ್ಟಸ್ವಾಮಿಯವರ ಕೈ... ಅಯ್ಯೋ! ಇದೇನಾಗೋಯ್ತು ಇದಕ್ಕೆ?"

"ನಮ್ಮೆಜಮಾನ್ರೇ ಮಾಡಿದ್ದು ಅಂತ ಮೊನ್ನೆ ಇಂದ್ರಾಣಮ್ಮ ಎಷ್ಟು ಹೆಮ್ಮೆಯಿಂದ ತೋರಿಸಿದ್ರು!" ಎಂದು ಟೀಚರ್ ಪೇಚಾಡಿದರು.

ಬೆಟ್ಟಸ್ವಾಮಿಗೆ ಆಗ ಅರಿವಾಯಿತು. ಆ ಬಾಗಿಲು ಹೆಂಡತಿಯದೆಂದು ಲೋಕದಲ್ಲಿ ಗೊತ್ತಿದ್ದದ್ದು ಇಬ್ಬರಿಗೇ. ಮಿಕ್ಕವರಿಗೆಲ್ಲ ಅದು ಅವನ ಬಾಗಿಲು. ತನ್ನ ಹೆಸರನ್ನು ತಾನೇ ಒರೆಸಿ ಹಾಕಿದ್ದ. ನಾಚಿಕೆಯಿಂದ ಕಿವಿ ಬಿಸಿಯಾದವು.

ಇಂದ್ರಾಣಿ ಬಾಗಿಲ ಗಾಯ ನೋಡಿದಳು. ಗಂಡನ ಕೈಯಲ್ಲಿದ್ದ ಬಟ್ಟೆ ನೋಡಿದಳು. "ನಾನೇ ಮೇಡಂ," ಎಂದಳು. "ದೂಳು ಒರ್ಸಕ್ಕೋಗಿ ಸ್ಪಿರಿಟ್ ಬಟ್ಟೆ ಇಟ್ಬುಟ್ಟೆ."

"ಓಗ್ಲಿ ಬುಡಿ, ಕೆಟ್ಟಿದ್ದೂ ಒಳ್ಳೇದೇ ಆಯ್ತು," ಎಂದು ಗುರುಪ್ರಸಾದ್ ನಗುತ್ತ ಮೆಟ್ಟಿಲ ಮೇಲೆ ಕೂತರು. "ಅಷ್ಟಗಲ ನನ್ನ ಕಣ್ಣೆದುರಿಗೇ ಸರಿ ಮಾಡಿ ಮೇಸ್ತ್ರಿ, ನಿಮ್ಮ ಕೈ ನೋಡಿಬುಡ್ತೀನಿ. ಆಮೇಲೆ ನಮ್ಮನೆ ಬಾಗಿಲು ಕಿಟಕಿ ಎಲ್ಲಾ ನಿಮಗೇ."

ಬೆಟ್ಟಸ್ವಾಮಿ ಬಟ್ಟೆಯ ಉಂಡೆಯನ್ನು ಪಾಲಿಶ್ಶಿಗೆ ಅದ್ದಿದ. ಕೈ ಮರದ ಹತ್ತಿರ ಹೋಯಿತು, ಅಲ್ಲೇ ನಿಂತಿತು. ಈಗ ಎಳೆದರೆ ಇದೂ ಬಲಗಡೆಯದರ ಹಾಗೆ ಬಿಳಿಚಿಕೊಳ್ಳುತ್ತದೆ. ಎಳೆಯದಿದ್ದರೆ ನರಸೀಪುರದ ಕೆಲಸ ಹೋಯಿತು. ಹಣೆಯ ಬೆವರು ಮೂಗಿನ ತುದಿಗೆ ಬಂತು.

"ಇಂದ್ರಾಣಿ," ಎಂದ. ಸ್ವರ ಅವನದೇ ಅನ್ನಿಸಲಿಲ್ಲ. "ಈ ಬಾಗ್ಲು ಪಾಲಿಶ್ನ ನೀನು ಎಂಗ್ಮಾಡ್ದೆ?"

ಟೀಚರ್ ತಿರುಗಿ ನೋಡಿದರು. ಇಂದ್ರಾಣಿ ಯಾರನ್ನೂ ನೋಡಲಿಲ್ಲ. ಸೆರಗು ಸಿಕ್ಕಿಸಿಕೊಂಡು ಬಂದು, ಬಗ್ಗಿ, ಬೆತ್ತಲಾದ ಮರಕ್ಕೆ ಕೆನ್ನೆಯಿಟ್ಟು ಕಣ್ಣು ಮುಚ್ಚಿದಳು. ಕೂಸಿನ ಜ್ವರ ನೋಡುವ ತಾಯಿ ಹಾಗಿದ್ದಳು.

"ಇನ್ನೂ ತಣ್ಣಗದೆ," ಎಂದಳು. "ತಣ್ಣಗಿದ್ದಾಗ ಪಾಲಿಶ್ ಕೊಟ್ರೆ ಬೆಳ್ಳಗಾಗೋಯ್ತದೆ. ಕಿಂಡಿ ಬಿಸ್ಲು ಮರದ್ ಮ್ಯಾಲೆ ಬೀಳೋಗಂಟ ತಡೀರಿ."

ಗುರುಪ್ರಸಾದ್ ಇಂದ್ರಾಣಿಯಿಂದ ಕಣ್ಣು ತೆಗೆಯದೆ ಮೆಟ್ಟಿಲ ಮೇಲೆ ಪಕ್ಕಕ್ಕೆ ಸರಿದು ಬೆಟ್ಟಸ್ವಾಮಿಗೆ ಜಾಗ ಬಿಟ್ಟರು.

"ಬನ್ನಿ, ನೀವೂ ಕೂತ್ಕಳಿ. ಮೇಸ್ತ್ರಿ ಎಂಗ್ ಮಾಡ್ತಾರೆ ನೋಡೋಣ."