ಬ್ಯಾಟರಿ ಇಲ್ಲದ ಸೋಲಾರ್… ನಾನು ಹೇಳದೆ ಬಿಟ್ಟ ಮಾತು

ಗದಗದಲ್ಲಿ ಮನೆಗಳಿಗೆ ಸೋಲಾರ್ ಪ್ಯಾನೆಲ್ ಹಾಕಿಕೊಡುವುದು ನನ್ನ ಕೆಲಸ.

ಮಾತಿನಲ್ಲಿ ನಾನು ಗಟ್ಟಿಗ. ಈ ಊರಲ್ಲಿ ಪುಕ್ಕಟೆ ಸಿಗುವ ಬಿಸಿಲನ್ನು ಮಾರುವವನಿಗೆ ಮಾತು ಬರದಿದ್ದರೆ ಹೊಟ್ಟೆ ತುಂಬೀತೇ?

ಹೋದ ವರ್ಷ ನಿಜಗುಣಪ್ಪ ಎಂಬ ಹಿರಿಯರು ಮನೆಗೆ ಕರೆಸಿದ್ದರು. ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಅಟೆಂಡರ್ ಆಗಿ ರಿಟೈರ್ ಆದವರು. ವೈರು, ಫ್ಯೂಸು ಎಲ್ಲ ತನಗೆ ಗೊತ್ತು ಎಂಬ ಸಣ್ಣ ಜಂಬ ಅವರಿಗೆ.

ಒಂದು ವಾರದಿಂದ ಗಂಡ ಹೆಂಡತಿ ನಡುವೆ ಅದೇ ಚರ್ಚೆಯಂತೆ… ಸೋಲಾರ್ ಹಾಕಿಸಿದರೆ ಲಾಭ ಇದೆಯಾ? ಬ್ಯಾಟರಿ ಸಮೇತ ಬೇಕಾ, ಬರೀ ಪ್ಯಾನೆಲ್ ಸಾಕಾ?

"ಬ್ಯಾಟರಿ ಹಾಕಿದ್ರ ರೇಟು ಭಾಳ ಆಗತೈತಿ. ಅದಿಲ್ಲದ ನಡೆಯೂದಿಲ್ಲೇನು ತಮ್ಮಾ?" ಎಂದು ಕೇಳಿದರು.

ಆಗ ನಾನು ನಿಜ ಹೇಳಬೇಕಿತ್ತು.

ಬ್ಯಾಟರಿ ಇಲ್ಲದ ಸೋಲಾರ್, ಲೈನಿನ ಕರೆಂಟ್ ಹೋದ ಕೂಡಲೇ ತಾನೂ ಆಫ್ ಆಗುತ್ತದೆ… ಹೊರಗೆ ಎಷ್ಟೇ ಬಿಸಿಲಿರಲಿ. ಕಂಬದ ಮೇಲೆ ರಿಪೇರಿ ಮಾಡುವವರಿಗೆ ಶಾಕ್ ಹೊಡೆಯಬಾರದು ಎಂದೇ ಅದನ್ನು ಹಾಗೆ ಮಾಡಿರುತ್ತಾರೆ.

ಇಷ್ಟು ಹೇಳಿದರೆ ಗಿರಾಕಿ ಕೈಬಿಟ್ಟು ಹೋಗುತ್ತಾರೇನೋ ಎಂಬ ಭಯ ನನಗೆ.

"ನಡೀತೈತ್ರಿ… ನಿಮ್ಮ ಓಣ್ಯಾಗ ಕರೆಂಟ್ ಹೋಗೂದರ ಎಲ್ಲಿ?" ಅಂದುಬಿಟ್ಟೆ.

ಬಿಲ್ ಎಷ್ಟು ಬರುತ್ತದೆ ಎಂದು ಕೇಳಿದೆ, ಟೆರೇಸ್ ಅಳತೆ ಮಾಡಿದೆ. ಮನೆಯಲ್ಲಿ ಯಾರಿಗಾದರೂ ಕಾಯಿಲೆ ಇದೆಯಾ ಎಂದು ಮಾತ್ರ ಕೇಳಲಿಲ್ಲ. ಅವರ ಹೆಂಡತಿ ಶಿವಗಂಗವ್ವ ಚಹಾ ತಂದುಕೊಟ್ಟಾಗ ಏದುಸಿರು ಬಿಡುತ್ತಿದ್ದರು… ಅದು ನನಗೆ ಕೇಳಿಸಿತ್ತು.

ಬ್ಯಾಟರಿ ಇಲ್ಲದೆ ಬರೀ ಪ್ಯಾನೆಲ್ ಹಾಕಿಕೊಟ್ಟೆ. ಆರು ತಿಂಗಳಲ್ಲಿ ಶಿವಗಂಗವ್ವನವರ ಶ್ವಾಸಕೋಶದ ಕಾಯಿಲೆ ಜೋರಾಯಿತು. ಡಾಕ್ಟರು ಮನೆಯಲ್ಲೇ ಆಕ್ಸಿಜನ್ ಮಷಿನ್ ಇಡಲು ಹೇಳಿದರು. ಕರೆಂಟಿನ ಮೇಲೆ ನಡೆಯುವ ಮಷಿನ್ ಅದು.

ಕರೆಂಟ್ ಹೋದರೆ ಇರಲಿ, ಒಂದು ಆಕ್ಸಿಜನ್ ಸಿಲಿಂಡರ್ ತಂದಿಟ್ಟುಕೊಳ್ಳಿ ಎಂದೂ ಡಾಕ್ಟರು ಹೇಳಿದ್ದರು.

"ಮ್ಯಾಲೆ ಸೋಲಾರ್ ಐತಲ್ರಿ, ಚಿಂತಿಲ್ಲ," ಅಂದರಂತೆ ನಿಜಗುಣಪ್ಪ. ನನ್ನ ಮಾತನ್ನು ಅಷ್ಟು ನಂಬಿದ್ದರು…

ಏಪ್ರಿಲ್ ತಿಂಗಳು, ಮಧ್ಯಾಹ್ನ ಒಂದು ಗಂಟೆ. ಕಂಬದಿಂದ ಅವರ ಮನೆಗೆ ಬರುವ ವೈರು ಸುಟ್ಟುಹೋಯಿತು. ಮಷಿನ್ ಕೀಂ ಎಂದು ಕೂಗಿ ನಿಂತಿತು.

ನನಗೆ ಫೋನ್ ಬಂತು. "ತಮ್ಮಾ… ಬಿಸಲು ಉರಿಯಾಕತ್ತೈತಿ. ಸೋಲಾರ್ ಯಾಕ ಬಂದ್ ಆಗೇತಿ?"

ಆಗ ನಿಜ ಹೇಳಿದೆ. ಅವರು ಫೋನ್ ಕಟ್ ಮಾಡಿದರು. ನಾನು ಗಾಬರಿಯಿಂದ ಬೈಕ್ ಹತ್ತಿದೆ.

ನಿಜಗುಣಪ್ಪ ಕರೆಂಟ್ ಆಫೀಸಿಗೂ ಫೋನ್ ಮಾಡಿದ್ದರಂತೆ. ಲೈನ್‌ಮನ್ ದೂರದಲ್ಲಿದ್ದಾರೆ, ಎರಡು ತಾಸು ಆಗಬಹುದು ಎಂಬ ಉತ್ತರ ಬಂತು. ಅಷ್ಟರಲ್ಲಿ ಹೆಂಡತಿಯ ತುಟಿ ನೀಲಿಗೆ ತಿರುಗುತ್ತಿತ್ತು.

ನಿಜಗುಣಪ್ಪ ಪಕ್ಕದ ಪೆಂಡಾಲ್ ಅಂಗಡಿಯಿಂದ ಜನರೇಟರ್ ಎಳೆದು ತಂದರು. ಒಂದು ವೈರಿನ ಎರಡೂ ತುದಿಗೆ ಪಿನ್ ಕಟ್ಟಿದರು… ಒಂದನ್ನು ಜನರೇಟರಿಗೆ, ಇನ್ನೊಂದನ್ನು ಗೋಡೆಯ ಪ್ಲಗ್ಗಿಗೆ ಚುಚ್ಚಿದರು.

ಮನೆಯ ಮೇನ್ ಸ್ವಿಚ್ ಆಫ್ ಮಾಡುವುದನ್ನು ಮರೆತರು. ಮೂವತ್ತು ವರ್ಷ ಲ್ಯಾಬಿನಲ್ಲಿ ಹುಡುಗರಿಗೆ "ಮೊದಲ ಮೇನ್ ಬಂದ್ ಮಾಡ್ರಿ" ಎಂದು ಹೇಳಿದ ಮನುಷ್ಯ.

ಮಷಿನ್ ಶುರುವಾಯಿತು. ಶಿವಗಂಗವ್ವನವರಿಗೆ ಉಸಿರು ಬಂತು. ನಿಜಗುಣಪ್ಪ ನೆಲದ ಮೇಲೆ ಕುಸಿದು ಕೂತು ಅತ್ತರು.

ಅದೇ ಹೊತ್ತಿಗೆ ಹೊರಗೆ ಯಾರೋ ಚೀರಿದ ಸದ್ದು…

ನಾನು ಓಣಿಯ ತಿರುವಿನಲ್ಲಿದ್ದೆ, ಕಣ್ಣಾರೆ ಕಂಡೆ. ಆ ಓಣಿಯ ಲೈನ್‌ಮನ್ ದಾವಲಸಾಬ ಆಗಲೇ ಬಂದು ಕಂಬ ಹತ್ತಿದ್ದರು. ಕರೆಂಟ್ ಇಲ್ಲ ಎಂದು ಹಿಡಿದ ವೈರಿನಲ್ಲಿ, ಆಫ್ ಮಾಡದ ಮೇನ್ ಸ್ವಿಚ್ ದಾಟಿ ಈ ಮನೆಯ ಜನರೇಟರಿನ ಕರೆಂಟ್ ಹರಿದುಬಂದಿತ್ತು.

ಸೊಂಟದ ಬೆಲ್ಟ್ ಇದ್ದುದರಿಂದ ಜೀವ ಉಳಿಯಿತು. ಬಲಗೈ ಸುಟ್ಟುಹೋಗಿತ್ತು.

ಮೂರನೇ ದಿನ ನಾನೂ ನಿಜಗುಣಪ್ಪನವರೂ ದಾವಲಸಾಬರನ್ನು ನೋಡಲು ಆಸ್ಪತ್ರೆಗೆ ಹೋದೆವು. ಕೈತುಂಬ ಬ್ಯಾಂಡೇಜು. ನಿಜಗುಣಪ್ಪನವರನ್ನು ಕಂಡವರೇ ದಾವಲಸಾಬ ಕೇಳಿದ ಮೊದಲ ಮಾತು…

"ಅಕ್ಕಾರು ಹೆಂಗದಾರ್ರೀ?"

"ಆರಾಮ ಅದಾಳಪಾ," ಎನ್ನುತ್ತ ನಿಜಗುಣಪ್ಪ ಮಂಚದ ಹತ್ತಿರ ಬಂದರು.

"ಅಕ್ಕಾರು ಮಷಿನ್ ಮ್ಯಾಲ ಅದಾರಂತ ನನಗ ಗೊತ್ತಿತ್ರೀ. ಸುದ್ದಿ ಕೇಳೀದ ಕೂಡ್ಲೇ ಉಣ್ಣೂದು ಬಿಟ್ಟು ಬಂದೆ. ಗ್ಲೌಸು ಆಫೀಸಿನಾಗ ಉಳದಿದ್ವು… ತರಾಕ ಹೋದ್ರ ತಡಾ ಆಗತೈತಿ ಅಂತ ಹಂಗ ಹತ್ತಿದೆ."

ನಿಜಗುಣಪ್ಪ ಅವರ ಕಾಲು ಹಿಡಿದುಕೊಂಡರು. "ದಾವಲಸಾಬ… ಆ ಕರೆಂಟ್ ನಮ್ಮ ಮನಿಯಿಂದ ಬಂದದ್ದಪಾ. ನಾನ ಜನರೇಟರ್ ಹಚ್ಚಿದ್ದೆ."

ನಾನೂ ತಲೆ ತಗ್ಗಿಸಿ, ಗಿರಾಕಿ ಹೋದಾರು ಎಂದು ಅಂದು ನುಂಗಿದ ಮಾತನ್ನು ಹೇಳಿಕೊಂಡೆ.

ದಾವಲಸಾಬ ತಮ್ಮ ಬ್ಯಾಂಡೇಜಿನ ಕೈ ನೋಡಿಕೊಂಡರು. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು…

"ಈಗ ಇಬ್ರೂ ಎಲ್ಲಾ ಹೇಳಾಕತ್ತೀರಿ. ಮೊದಲ ಒಬ್ರರ ಹೇಳಿದ್ರ ಸಾಕಿತ್ತಲ್ರೀ," ಎಂದು ಗೋಡೆಯ ಕಡೆ ಮುಖ ತಿರುಗಿಸಿದರು.

ಮುಂದಿನ ವಾರವೇ ನಿಜಗುಣಪ್ಪನವರ ಮನೆಗೆ ಬ್ಯಾಟರಿ ಬಂತು. ನಾನೇ ಕೂಡಿಸಿದೆ. ಶಿವಗಂಗವ್ವ ಈಗ ನಿಶ್ಚಿಂತೆಯಿಂದ ಉಸಿರಾಡುತ್ತಾರೆ.

ದಾವಲಸಾಬರ ಎರಡು ಬೆರಳು ತೆಗೆಯಬೇಕಾಯಿತು. ಅವರು ಮತ್ತೆ ಕಂಬ ಹತ್ತಲಿಲ್ಲ.

ಲಾಭದ ಆಸೆಗೆ ನಾವು ನುಂಗಿದ ಒಂದು ಸತ್ಯದ ಬೆಲೆಯನ್ನು, ಏನೂ ತಪ್ಪು ಮಾಡದವನು ತೆರುತ್ತಾನೆ.

ನಿಮ್ಮ ಮನೆಯಲ್ಲಿ ಕರೆಂಟ್ ನಿಂತರೆ ಯಾರ ಉಸಿರು ನಿಲ್ಲಬಹುದು… ಸೋಲಾರಿನ ಲಾಭ ನಷ್ಟ ನೋಡುವ ಮೊದಲು ಇದನ್ನು ಒಮ್ಮೆಯಾದರೂ ಕೇಳಿಕೊಂಡಿದ್ದೀರಾ?