ತೆಗೆದು ನೋಡದ ಪ್ರತಿ

ಕಂಪ್ಯೂಟರಿನ ಡಿಸ್ಕ್ ಮತ್ತೆ ಕಟಕಟ ಎಂದಿತು. ರಿಪೇರಿಯವಳು ತಕ್ಷಣ ತಂತಿ ಕಿತ್ತಳು.

"ಇನ್ನೊಂದ್ಸಲ ಹಾಕಿದ್ರೆ ಇದು ಎದ್ದೇಳಲ್ಲ ಸಾರ್. ಬೇರೆ ಪ್ರತಿ ಎಲ್ಲಿದೆ?"

"ಇಲ್ಲ."

"ಎಲ್ಲೂ ಇಲ್ವಾ?"

ಪ್ರೂಫ್ ರೀಡರ್ ಕನ್ನಡಕ ತೆಗೆದು ಒರೆಸಿದ. ಇಪ್ಪತ್ತಾರು ವರ್ಷ ಅಚ್ಚುಮನೆಯಲ್ಲಿ ಕೂತು ಬೇರೆಯವರ ತಪ್ಪು ಹಿಡಿದವನು. ಈಗ ತನ್ನ ತಪ್ಪು ಮೇಜಿನ ಮೇಲೇ ಬಿದ್ದಿತ್ತು.

"ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗಿಲು ಹಾಕೋಕೆ ನನ್ನ ಕರೀತಾರೆ ಎಲ್ರೂ," ಎಂದು ಗೊಣಗುತ್ತ ಅವಳು ಡಿಸ್ಕನ್ನು ಚೀಲಕ್ಕೆ ಹಾಕಿಕೊಂಡಳು. "ಬಂದಷ್ಟು ಬರತ್ತೆ. ಭಾನುವಾರದೊಳಗೆ ಬೇಕೇ ಬೇಕು ಅಂತೀರಲ್ಲ, ಅಂಥಾದ್ದೇನಿದೆ ಇದರಲ್ಲಿ?"

"ನನ್ನ ಹೆಂಡತಿ."

ಫೋಟೋ ಇರಬೇಕು ಅಂದುಕೊಂಡಳು ಅವಳು.

ಫೋಟೋ ಅಲ್ಲ, ದನಿ. ಹೆಂಡತಿ ತೀರಿಕೊಂಡು ಏಳು ತಿಂಗಳಾಗಿತ್ತು. ಅದು ಅವಳ ತಾಯಿಗೆ ಗೊತ್ತಿರಲಿಲ್ಲ. ತಾಯಿ ದೂರದ ಊರಿನಲ್ಲಿ ಮಗನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ಹೃದಯ ಸೋತಿದೆ, ಕೆಟ್ಟ ಸುದ್ದಿ ಕಿವಿಗೆ ಬೀಳಬಾರದು ಎಂದಿದ್ದರು ವೈದ್ಯರು. ತನ್ನ ಕಾಯಿಲೆ ಕೈಮೀರಿದಾಗ ಹೆಂಡತಿಯೇ ದಾರಿ ಹುಡುಕಿದ್ದಳು. ಹನ್ನೊಂದು ದಿನ ಮೈಕಿನ ಮುಂದೆ ಕೂತು, ಉಸಿರು ಸಿಕ್ಕಷ್ಟು ಹೊತ್ತು ಮಾತಾಡಿದಳು. ಇನ್ನೂರ ಹನ್ನೆರಡು ತುಣುಕು. ತಿಂಡಿ. ಔಷಧಿ. ಬೆನ್ನುನೋವು. 'ಡಾಕ್ಟರು ಓಡಾಡಬೇಡ ಅಂದಿದ್ದಾರಮ್ಮ.' ಎರಡು ಬಗೆಯ ನಗು.

"ತಮ್ಮನಿಗೂ ಹೇಳಬೇಡಿ," ಎಂದಿದ್ದಳು. "ಅವನ ಮುಖ ಅಮ್ಮ ಓದಿಬಿಡ್ತಾಳೆ."

ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅವನು ಫೋನ್ ಮಾಡುತ್ತಿದ್ದ. ಹೆಂಡತಿಯ ತಮ್ಮ ಎತ್ತಿ, "ತಡೀರಿ ಭಾವ, ಅಮ್ಮನ ಕಿವಿಗೆ ಹಿಡೀತೀನಿ," ಎನ್ನುತ್ತಿದ್ದ. ಪ್ರೂಫ್ ರೀಡರ್ ಲೌಡ್‌ಸ್ಪೀಕರ್ ಹಾಕಿ, ಫೋನನ್ನು ಕಂಪ್ಯೂಟರಿನ ಪಕ್ಕಕ್ಕಿಟ್ಟು, ಅತ್ತೆಯ ಮಾತಿಗೆ ತಕ್ಕ ತುಣುಕು ಹಾಕುತ್ತಿದ್ದ. ನಾಲ್ಕು ನಿಮಿಷ. ಮುದುಕಿ ಹೊಸದೇನೂ ಕೇಳುತ್ತಿರಲಿಲ್ಲ. ಅದೊಂದು ಪುಣ್ಯ.

ಒಂದು ವಾರ ಮಗಳ ದನಿ ತಪ್ಪಿದರೂ ಆ ಹೃದಯ ನಿಲ್ಲುತ್ತದೆ. ಅಷ್ಟೇ ಲೆಕ್ಕ.

ಗುರುವಾರ ರಿಪೇರಿಯವಳು ಎರಡು ಹೊಸ ಡಿಸ್ಕ್ ತಂದಳು.

"ಕೇಳಿಸ್ಕೊಳ್ಳಿ. ಮೂರು ಪ್ರತಿ. ಒಂದು ಕಂಪ್ಯೂಟರಲ್ಲಿ, ಒಂದು ಈ ಡಿಸ್ಕಲ್ಲಿ, ಇನ್ನೊಂದು ಮನೆಯಿಂದ ಹೊರಗೆ. ಬೆಂಕಿ ಬಿದ್ರೆ ಅದು ಮೇಜು ಯಾವುದು, ಕಪಾಟು ಯಾವುದು ಅಂತ ನೋಡಲ್ಲ."

"ಆಫೀಸಿನ ಡ್ರಾಯರ್?"

"ಸಾಕು. ಇನ್ನೊಂದು ಮಾತು. ಇದು ಸತ್ತ ಡಿಸ್ಕಿಂದ ಕೆದಕಿ ತೆಗೆದಿರೋದು. ಮೇಲೆ ಹೆಸರು ಸರಿ ಇರತ್ತೆ, ಒಳಗೆ ಇನ್ನೇನೋ ಇರತ್ತೆ. ಒಂದೊಂದನ್ನೂ ತೆಗೆದು ನೋಡಿ. ತೆಗೆದು ನೋಡದ ಪ್ರತಿ ಪ್ರತಿಯೇ ಅಲ್ಲ ಸಾರ್."

"ನೋಡ್ತೀನಿ."

ಅವನು ಪಟ್ಟಿಯನ್ನು ಪ್ರಿಂಟ್ ತೆಗೆದ. ಕೆಂಪು ಪೆನ್ನು ಹಿಡಿದು ಇನ್ನೂರ ಹನ್ನೆರಡು ಹೆಸರನ್ನೂ ಎರಡೆರಡು ಸಲ ತಾಳೆ ನೋಡಿದ. ಒಂದು ಕೊಂಬೂ, ಒಂದು ದೀರ್ಘವೂ ತಪ್ಪಿರಲಿಲ್ಲ. ಆಮೇಲೆ ಮೊದಲ ತುಣುಕು ಹಾಕಿದ. ಮಾತಿಗೆ ಮುಂಚೆ ಅವಳು ಉಸಿರೆಳೆದುಕೊಂಡ ಸದ್ದು ಬಂತು. ನಿಲ್ಲಿಸಿಬಿಟ್ಟ. ಭಾನುವಾರ ಕೇಳುವುದು ಬೇರೆ, ಅದು ಕೆಲಸ. ಸುಮ್ಮನೆ ಕೂತು ಕೇಳುವುದು ಅವನಿಂದಾಗದು. ಉಳಿದದ್ದನ್ನು ಹಾಗೇ ಮುಚ್ಚಿಟ್ಟ.

ಶನಿವಾರ ಮೈದುನನೇ ಫೋನ್ ಮಾಡಿದ.

"ಏನ್ ಭಾವ, ವಾರವೆಲ್ಲ ಪತ್ತೇನೇ ಇಲ್ಲ?"

"ಕಂಪ್ಯೂಟರ್ ಕೆಟ್ಟಿತ್ತು ಕಣೋ. ಇದ್ದಬದ್ದ ಫೋಟೋ ಎಲ್ಲ ಹೋಗೋದ್ರಲ್ಲಿತ್ತು." ಪ್ರೂಫ್ ರೀಡರ್ ಮೂರು ಪ್ರತಿಯ ಪಾಠ ಒಪ್ಪಿಸಿದ.

ಆ ಕಡೆ ಪೆನ್ನು ಹುಡುಕಿದ ಸದ್ದಾಯಿತು. "ನಿಧಾನಕ್ಕೆ ಇನ್ನೊಂದ್ಸಲ ಹೇಳಿ. ನನ್ನ ಹತ್ರಾನೂ ಒಂದಿಷ್ಟಿದೆ, ಹೋದ್ರೆ ಮತ್ತೆ ಸಿಗೋದಲ್ಲ. ಮೂರನೇದನ್ನ ನಿಮ್ಮನೇಲಿ ಇಡ್ಲಾ?" ಮರುಕ್ಷಣ ಅವನೇ ತಿದ್ದಿಕೊಂಡ. "ಬೇಡ ಬಿಡಿ. ಅಕ್ಕನ ಕೈಗೆ ಸಿಕ್ಕಿದ್ರೆ ಕಷ್ಟ."

"ಯಾರೋ ಆ ಹುಡುಗಿ?"

"ಥೂ, ನಿಮಗೊಂದು." ಮೈದುನ ನಕ್ಕ. ಆಮೇಲೆ ದನಿ ಇಳಿಸಿದ. "ಅಕ್ಕನ ಹತ್ರ ಬೇಜಾರಿನ ಮಾತು ಯಾವುದೂ ಆಡಬೇಡಿ ಭಾವ. ಈ ಕಾಯಿಲೇಲಿ ಅವಳು ತಡ್ಕೊಳಲ್ಲ."

"ಆಡಲ್ಲ," ಎಂದ ಪ್ರೂಫ್ ರೀಡರ್.

ಭಾನುವಾರ ಹತ್ತಕ್ಕೆ ಕಿಟಕಿ ಮುಚ್ಚಿ ಕೂತ. ಮೈದುನ ಎತ್ತಿದ, ಫೋನನ್ನು ಅಮ್ಮನ ಕಿವಿಗೆ ಹಿಡಿದ. ಪ್ರೂಫ್ ರೀಡರ್ 'ತಿಂಡಿ' ಒತ್ತಿದ.

"ಅಮ್ಮಾ, ತಿಂಡಿ ಆಯ್ತಾ?"

"ಆಯ್ತು ಕಣೇ. ನಿಂದಾಯ್ತಾ?" ಒಂದು ಕೆಮ್ಮು. ಎಲ್ಲೋ ಲೋಟ ಬಿದ್ದ ಸದ್ದು.

ಅವನು 'ಆಯ್ತಮ್ಮ' ಒತ್ತಿದ.

"ಅಮ್ಮಾ, ತಿಂಡಿ ಆಯ್ತಾ?" ಎಂದಳು ಹೆಂಡತಿ.

ಹೆಸರು ಬೇರೆ, ಒಳಗಿದ್ದ ಮಾತು ಅದೇ. ಈಗ ಮುದುಕಿಗೆ ಅನುಮಾನ ಬರುತ್ತದೆ. ಮಗಳಿಗೆ ಏನಾಯಿತೆಂದು ಕೇಳುತ್ತಾಳೆ. ಕೇಳಿದರೆ ಅದಕ್ಕೆ ತಕ್ಕ ತುಣುಕಿಲ್ಲ.

ಫೋನಿನಿಂದ ಅತ್ತೆಯ ದನಿ ಬಂತು.

"ಆಯ್ತು ಕಣೇ. ನಿಂದಾಯ್ತಾ?" ಕೆಮ್ಮು. ಲೋಟ.

ಅವನು ಪಟ್ಟಿಯಲ್ಲಿ ತಡಕಾಡಿ 'ಬೆನ್ನುನೋವು' ಒತ್ತಿದ.

"ಅಮ್ಮಾ, ತಿಂಡಿ ಆಯ್ತಾ?"

ಲೌಡ್‌ಸ್ಪೀಕರ್ ಆರಿಸಿ, ಉಸಿರು ಬಿಗಿಹಿಡಿದು ಫೋನನ್ನು ಕಿವಿಗೊತ್ತಿಕೊಂಡ.

ಆ ಕಡೆ ಮೈದುನ ಬಿಕ್ಕುವುದು ಕೇಳಿಸಿತು. ಆಮೇಲೆ ಮೌಸ್ ಒತ್ತಿದ ಸದ್ದು. ಆಮೇಲೆ ಅತ್ತೆ, ಅದೇ ಮಾತು, ಅದೇ ಕೆಮ್ಮು, ಅದೇ ಲೋಟ.