ಬಂದ್ ಆದ ದನಿ

ಎಲ್ಲರೂ ದನಿಯಿಂದಲೇ ಹಣ ಕೊಡುವ ಆ ಕಾಲದಲ್ಲಿ, ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸುಗಳ ಹೊತ್ತು ಹೇಳುವ ನೀಲವ್ವನ ದನಿ ಕಳವಾಯಿತು. ಮೊಬೈಲಿನೊಳಗಿನ ‘ಮನೆಸಿಂಗಾರ’ ಅಂಗಡಿಯಿಂದ ಕುಕ್ಕರ್ ತರಿಸಲು ಅವಳು ಒಂದೇ ಸಲ “ಹೂಂ, ಕಳಸ್ರಿ” ಎಂದಿದ್ದಳು. ಕುಕ್ಕರ್ ಬರಲಿಲ್ಲ. ಅವಳ ದನಿಯಲ್ಲಿ ಯಾರೋ ಬೇರೆ ಊರಿನಲ್ಲಿ ಬಂಗಾರ ಕೊಂಡಿದ್ದರು.

ಬ್ಯಾಂಕಿನ ಅಧಿಕಾರಿ ಹಿರೇಮಠರು ಹೊಸ ದನಿಗಳ ಪಟ್ಟಿಯನ್ನು ಅವಳ ಮುಂದೆ ಸರಿಸಿದರು.

“ಗುರುತಿಲ್ಲದ ಅಂಗಡ್ಯಾಗ ಸ್ವಂತ ದನೀಲೆ ಮಾತಾಡಬಾರದಿತ್ತವ್ವಾ. ಖರೀದಿಗಂತ ಬ್ಯಾರೆ ದನಿ ನಾವ ಕೊಡ್ತೀವಲ್ಲ. ನಿಮ್ಮ ಹಳೇದು ಇವತ್ತ ಬಂದ್ ಮಾಡೇವಿ, ಮಾತಾಡಾಕ ಈ ಪಟ್ಟ್ಯಾಗಿಂದ ಒಂದು ಹೊಸಾದು ಆರಿಸ್ಕೋರಿ. ಇನ್ನ ಅದರಾಗ ಮಾತಾಡಿದ್ರ ಕೇಸ್ ಆಗತೈತಿ.”

“ಆ ಅಂಗಡಿ?”

“ಅದು ಇನ್ನೂ ನಡದೈತಿ. ಮುಚ್ಚಸೋದು ನಮ್ಮ ಕೆಲಸಲ್ಲ.”

ನೀಲವ್ವನ ಮೈಯೆಲ್ಲ ಉರಿದುಹೋಯಿತು. “ಕಳ್ಳರ ಅಂಗಡಿ ತೆರದಿರಲಿ, ನನ್ನ ಬಾಯಿ ಮುಚ್ಚಲಿ ಅಂತೀರೇನು? ನಮ್ಮವ್ವ ಹಡದಾಗ ಬಂದ ದನಿ ಇದು!” ಎಂದು ಪಟ್ಟಿಯನ್ನು ಹರಿದು ಅಲ್ಲೇ ಎಸೆದು ಹೊರಟಳು.

ಬಸ್‌ಸ್ಟ್ಯಾಂಡಿಗೆ ಬಂದವಳೇ ಮೈಕು ಹಿಡಿದಳು.

“ರೋಣಕ್ಕ ಹೋಗೋ ಬಸ್ಸು ಈಗ ಬರತೈತಿ. ಮನೆಸಿಂಗಾರ ಅಂಗಡ್ಯಾಗ ಯಾರೂ ಬಾಯಿ ತೆಗೀಬ್ಯಾಡ್ರಿ. ನನ್ನ ದನಿ ಕದ್ದಾರ, ನಿಮ್ದೂ ಕದೀತಾರ!”

ಫೋನನ್ನು ಬಾಯಿಯ ಹತ್ತಿರ ಹಿಡಿದಿದ್ದ ಒಬ್ಬ ಹೆಂಗಸು ಗಕ್ಕನೆ ಕೆಳಗಿಳಿಸಿದಳು. ನೀಲವ್ವ ಅದನ್ನೇ ಮತ್ತೆ ಮತ್ತೆ ಕೂಗಿ ಹೇಳಿದಳು. ಕೊನೆಗೆ ಪೊಲೀಸರು ಬಂದು ಮೈಕು ಕಿತ್ತುಕೊಂಡರು. ಆಗ ಬಾಳೆಹಣ್ಣು ಮಾರುವ ಫಕೀರವ್ವ ಬುಟ್ಟಿ ಕೆಳಗಿಟ್ಟು ಎದ್ದು ನಿಂತು, ತನ್ನ ದನಿಯಲ್ಲಿ ಅದೇ ಮಾತನ್ನು ಕೂಗತೊಡಗಿದಳು.